ಕಿವಿ ಕೆಳಗಿದ್ದ ರಾಣಿಯರು

ನಾನು ಚಿತ್ರ ಬರೆದು ಹೊಟ್ಟೆ ಹೊರೆಯುವವನು. ಬರೆಯುವುದು ಎಲ್ಲೂ ಇಲ್ಲದ ಜನರ ಮುಖಗಳನ್ನು: ಚೂಪುಗಿವಿಯ ವನರಾಣಿ, ಒಂದು ಕಣ್ಣು ಕಲ್ಲಾಗಿಹೋದ ಮಾಟಗಾತಿ, ಹದ್ದಿನ ಬೆನ್ನೇರಿ ಯುದ್ಧಕ್ಕೆ ಹೋಗುವ ಸೇನಾಪತಿ. ಮೊಬೈಲಿನಲ್ಲಿ ಆಡುವ ಆಟಗಳಿಗೆ ಇಂಥ ಮುಖಗಳು ಬೇಕಾಗುತ್ತವೆ. ಬೈಲಹೊಂಗಲದ ನಮ್ಮ ಮನೆಯ ಮಾಳಿಗೆಯ ಕೋಣೆಯಲ್ಲಿ ಕೂತು ಟ್ಯಾಬ್ಲೆಟ್ ಮೇಲೆ ಬರೆದು ಪುಣೆಯ ಒಂದು ಸಣ್ಣ ಕಂಪನಿಗೆ ಕಳಿಸುತ್ತೇನೆ. ಮಗ ಏನು ಮಾಡುತ್ತಾನೆ ಎಂದು ಯಾರಾದರೂ ಕೇಳಿದರೆ ಅವ್ವ, "ಕಂಪ್ಯೂಟರದಾಗ ರಾಣಿಗೋಳ್ನ ಮಾಡತಾನ್ರಿ" ಎನ್ನುತ್ತಾಳೆ. ಧಾರವಾಡದಲ್ಲಿ ಮನಶ್ಶಾಸ್ತ್ರದ ಎಂ.ಎ. ಮುಗಿಸಿ, ಒಂದೆರಡು ಕಡೆ ಪಾಠ ಹೇಳಿ, ಎಲ್ಲಿಯೂ ನೆಟ್ಟಗೆ ನಿಲ್ಲಲಾಗದೆ ಊರಿಗೆ ಮರಳಿದವನ ಬಗ್ಗೆ ಇದಕ್ಕಿಂತ ಮರ್ಯಾದೆಯ ವಿವರಣೆ ಅವಳಿಗೆ ಸಿಕ್ಕಿಲ್ಲ.

ಓದಿದ್ದರಲ್ಲಿ ನನಗೆ ಚೆನ್ನಾಗಿ ನೆನಪಿರುವುದು ಒಂದೇ ವಿಷಯ: ನೆನಪನ್ನು ನಂಬಬಾರದು. ನಾವು ಒಂದು ಘಟನೆಯನ್ನು ನೆನೆದಾಗಲೆಲ್ಲ ಅದನ್ನು ಹೊಸದಾಗಿ ಕಟ್ಟುತ್ತೇವೆ, ಹಾಗೆ ಕಟ್ಟುವಾಗ ಕೈಗೆ ಸಿಕ್ಕ ಸಾಮಾನನ್ನೆಲ್ಲ ಬಳಸುತ್ತೇವೆ. ಇದನ್ನು ನಾನು ವಿದ್ಯಾರ್ಥಿಗಳಿಗೆ ಉದಾಹರಣೆ ಕೊಟ್ಟು ಹೇಳುತ್ತಿದ್ದೆ. ನನ್ನ ಮನೆಯ ಗೋಡೆಯ ಮೇಲೇ ಅದಕ್ಕೊಂದು ಉದಾಹರಣೆ ತೂಗುತ್ತಿತ್ತು ಎಂದು ಆಗ ಗೊತ್ತಿರಲಿಲ್ಲ.

ಕಳೆದ ವರ್ಷ ಕಂಪನಿಯವರು ಹೊಸದೊಂದು ಪಾತ್ರ ಕೊಟ್ಟರು. ಪಟ್ಟ ಕಳೆದುಕೊಂಡ ರಾಣಿ. ಶತ್ರುಗಳು ಅವಳ ಕಿರೀಟ ಕಿತ್ತು, ತಲೆ ಬೋಳಿಸಿ, ಕೋಟೆಯ ಹೊರಗೆ ಅಟ್ಟಿದ್ದಾರೆ. ಅವಳು ಎದುರಿಗೆ ನಿಂತು ಆಟಗಾರನನ್ನೇ ದಿಟ್ಟಿಸಬೇಕು. ನಾನು ಮನಸ್ಸಿಟ್ಟು ಬರೆದು ಕಳಿಸಿದೆ. ಅಲ್ಲಿ ಎಲ್ಲರ ಕೆಲಸ ತಿದ್ದುವ ಹಿರಿಯ ಕಲಾವಿದೆಯೊಬ್ಬರಿದ್ದಾರೆ. ಅವರು ಚಿತ್ರದ ಮೇಲೆ ಕೆಂಪು ಗೆರೆಗಳನ್ನೆಳೆದು ವಾಪಸು ಕಳಿಸಿ ಫೋನ್ ಮಾಡಿದರು. ಹಿಂದಿಯಲ್ಲಿ ಅವರು ಹೇಳಿದ್ದು ಹೀಗಿತ್ತು: ಇವಳು ನೋಡುತ್ತಿದ್ದಾಳೆ, ಆದರೆ ಇವಳ ತಲೆಗೆ ಅದು ಗೊತ್ತಿಲ್ಲ.

ಕೆಂಪು ಗೆರೆ ನೋಡಿದಾಗ ಅರ್ಥವಾಯಿತು. ನೆಟ್ಟಗೆ ಎದುರು ನೋಡುವ ಮುಖದಲ್ಲಿ ಕಣ್ಣುಗಳು ತಲೆಯ ಎತ್ತರದ ನಟ್ಟ ನಡುವೆ ಬರುತ್ತವೆ. ಕಿವಿಯ ಮೇಲಂಚು ಹುಬ್ಬಿನ ಮಟ್ಟಕ್ಕೆ, ಕೆಳಗಿನ ಹಾಲೆ ಮೂಗಿನ ಬುಡದ ಮಟ್ಟಕ್ಕೆ. ಇದನ್ನು ಚಿತ್ರ ಕಲಿಯುವ ಎಲ್ಲರೂ ಮೊದಲ ವಾರವೇ ಕಲಿಯುತ್ತಾರೆ. ತಲೆ ಹಿಂದಕ್ಕೆ ವಾಲಿದರೆ ಲೆಕ್ಕ ಬೇರೆ. ಹಣೆ ಗಿಡ್ಡವಾಗುತ್ತದೆ, ಗದ್ದ ದಪ್ಪವಾಗುತ್ತದೆ, ಮೂಗಿನ ಹೊಳ್ಳೆಗಳು ಕಾಣುತ್ತವೆ, ಕಿವಿಗಳು ಕೆಳಗಿಳಿಯುತ್ತವೆ. ನನ್ನ ರಾಣಿಯ ಹಣೆ, ಗದ್ದ, ಮೂಗು, ಕಿವಿ ಎಲ್ಲವೂ ಹಿಂದಕ್ಕೆ ವಾಲಿದ ತಲೆಯವು. ಕಣ್ಣುಗಳು ಮಾತ್ರ ನೆಟ್ಟಗೆ ಕೂತು ಎದುರು ನೋಡುವವಳವು.

ಹಳೆಯ ಕೆಲಸಗಳನ್ನು ತೆರೆದು ನೋಡಿದೆ. ವನರಾಣಿ, ಮಾಟಗಾತಿ, ಸಮುದ್ರದ ದೇವತೆ, ಎಲ್ಲರೂ ಹಾಗೆಯೇ ಇದ್ದರು. ಕಿರೀಟವಿದ್ದುದರಿಂದ ಹಣೆ ಗಿಡ್ಡವಾದದ್ದು ಕಂಡಿರಲಿಲ್ಲ. ಚೂಪಾದ ಉದ್ದ ಕಿವಿ ಬರೆದಾಗ ಅದು ಎಲ್ಲಿಂದ ಹೊರಟಿದೆ ಎಂದು ಯಾರೂ ನೋಡುವುದಿಲ್ಲ. ಬೋಳು ತಲೆ ಬರೆಯಬೇಕಾಗಿ ಬಂದಾಗಲೇ ತಪ್ಪು ಬಯಲಿಗೆ ಬಿತ್ತು. ಗಂಡಸರ ಮುಖಗಳಲ್ಲಿ ಈ ತಪ್ಪು ಇರಲಿಲ್ಲ. ಹೆಣ್ಣು ಮುಖ ಬರೆಯುವಾಗ ಮಾತ್ರ ನನ್ನ ಕೈ ತನ್ನಷ್ಟಕ್ಕೆ ಆ ದಾರಿ ಹಿಡಿಯುತ್ತಿತ್ತು.

ಅದೇ ವಾರ ಅಕ್ಕನ ಮಗಳು ರಾಮದುರ್ಗದಿಂದ ಬಂದಳು. ಅವಳ ಲಗ್ನ ಕಿತ್ತೂರಿನ ಹುಡುಗನ ಜೊತೆ ಗೊತ್ತಾಗಿತ್ತು, ಸೀರೆ ಆರಿಸಲು ಇಲ್ಲಿಯ ಜವಳಿ ಅಂಗಡಿಗೆ ಬಂದಿದ್ದಳು. ಅವಳ ತಾಯಿ, ಅಂದರೆ ನನ್ನ ಒಬ್ಬಳೇ ಅಕ್ಕ, ಈ ಹುಡುಗಿ ಹಾಲು ಕುಡಿಯುವ ಕೂಸಾಗಿದ್ದಾಗ ತೀರಿಹೋದಳು. ಹೆರಿಗೆಗೆಂದು ತವರಿಗೆ ಬಂದವಳು ಜ್ವರದಲ್ಲಿ ಮಲಗಿ ಈ ಮನೆಯಿಂದಲೇ ಹೋದಳು. ನಾನಾಗ ಆಗತಾನೆ ಸಾಲೆಗೆ ಸೇರಿದ್ದ ಹುಡುಗ. ಅಕ್ಕನ ಗಂಡ ಮುಂದೆ ಮತ್ತೊಂದು ಮದುವೆಯಾದರು. ಹುಡುಗಿ ರಾಮದುರ್ಗದಲ್ಲಿ ಬೆಳೆದಳು, ಸೂಟಿ ಬಂದಾಗಲೆಲ್ಲ ನಮ್ಮಲ್ಲಿ ಇರುತ್ತಿದ್ದಳು. ಈಗ ಅಲ್ಲೇ ಹಲ್ಲಿನ ಡಾಕ್ಟರೊಬ್ಬರ ದವಾಖಾನೆಯಲ್ಲಿ ಕೆಲಸ ಮಾಡುತ್ತಾಳೆ.

ಮಾಳಿಗೆಗೆ ಬಂದು ನನ್ನ ಪರದೆಯ ಮೇಲೆ ಸಾಲಾಗಿ ತೆರೆದಿಟ್ಟಿದ್ದ ರಾಣಿಯರನ್ನು ನೋಡುತ್ತ ನಿಂತಳು.

"ಮಾಮಾ, ಇಷ್ಟ ಮಂದಿ ರಾಣಿಗೋಳ್ನ ಸಾಕೀಯಲ್ಲ, ಅದಕ್ಕ ನಿನಗ ಹೆಣ್ಣ ಕೊಡವೊಲ್ರು."

"ನಿನಗರ ಸಿಕ್ಕಿತಲ್ಲ ವರ, ಸುಮ್ನಿರು."

ಸ್ವಲ್ಪ ಹೊತ್ತು ನಕ್ಕಳು. ಆಮೇಲೆ ಕುರ್ಚಿ ಎಳೆದುಕೊಂಡು ಕೂತು ಹೇಳಿದಳು: "ನಮ್ಮವ್ವನ್ನ ಒಂದ ಬರದ ಕೊಡು. ಲಗ್ನದಾಗ ಕುರ್ಚಿ ಮ್ಯಾಲೆ ಇಡತೇನಿ. ರಾಣಿ ಮಾಡಬ್ಯಾಡ ಮತ್ತ. ಹೆಂಗಿದ್ಲು ಹಂಗ ಮಾಡು."

"ಪಡಸಾಲ್ಯಾಗ ಫೋಟೋ ಐತೆಲ್ಲ."

"ಅದ ಬ್ಯಾಡ. ಆ ಫೋಟೋದಾಗಿನಾಕಿ ನನ್ನ ಕಡೆ ನೋಡಿದಂಗ ಅನಸೂದಿಲ್ಲ. ಸಣ್ಣಾಕಿ ಇದ್ದಾಗ ಅದರ ಮುಂದ ನಿಂತು ಆ ಕಡೆ ಈ ಕಡೆ ಸರದ ಸರದ ನೋಡೇನಿ. ಒಮ್ಮಿನೂ ನೋಡ್ಲಿಲ್ಲ."

ತಮಾಷೆಗೆಂಬಂತೆ ಹೇಳಿದಳು. ನಾನು ಹೂಂ ಎಂದೆ. ಆ ಒಂದು ಫೋಟೋ ಬಿಟ್ಟರೆ ನಮ್ಮ ಮನೆಯಲ್ಲಿ ಅಕ್ಕನದು ಬೇರೆ ಇಲ್ಲ. ಲಗ್ನದ ಅಲ್ಬಮ್ ಗಂಡನ ಮನೆಯಲ್ಲಿತ್ತು.

ಅವಳು ಊರಿಗೆ ಹೋದ ಮೇಲೆ ಫ್ರೇಮನ್ನು ಗೋಡೆಯಿಂದ ಇಳಿಸಿ, ಧೂಳು ಒರೆಸಿ, ಮೇಲಿನಿಂದ ಒಂದು ಫೋಟೋ ತೆಗೆದು ಪರದೆಯ ಮೇಲೆ ದೊಡ್ಡದು ಮಾಡಿದೆ. ಹಸಿರು ಸೀರೆಯ ಸೆರಗು ತಲೆ ಸುತ್ತಿ ಗದ್ದದವರೆಗೆ ಬಂದಿದೆ. ಹಣೆಯ ಮೇಲೆ ವಿಭೂತಿ, ಕುಂಕುಮ. ಹಿಂದೆ ಹೂಬಳ್ಳಿಯ ಪರದೆ. ಅಭ್ಯಾಸಬಲದಿಂದ ಅಳತೆಯ ಗೆರೆಗಳನ್ನು ಎಳೆಯುತ್ತ ಹೋದೆ. ಗಿಡ್ಡ ಹಣೆ. ದಪ್ಪ ಗದ್ದ. ಕಾಣುವ ಹೊಳ್ಳೆ. ಸೆರಗಿನ ಸಂದಿಯಲ್ಲಿ, ಇರಬೇಕಾದ ಜಾಗಕ್ಕಿಂತ ಕೆಳಗೆ, ಕಿವಿಯ ಹಾಲೆ. ಕಣ್ಣು ನೆಟ್ಟಗೆ. ನನ್ನ ಬೋಳು ತಲೆಯ ರಾಣಿಯನ್ನು ತಂದು ಇದರ ಮೇಲಿಟ್ಟರೆ ಗೆರೆಗೆ ಗೆರೆ ಕೂತಿತು.

ಆಶ್ಚರ್ಯವೇನೂ ಇರಲಿಲ್ಲ ಎನ್ನಬೇಕು. ಹುಡುಗನಾಗಿದ್ದಾಗ ನಾನು ಮೊದಲು ನೋಡಿ ನೋಡಿ ಬರೆದ ಮುಖ ಇದೇ. ಪಾಟಿಯ ಮೇಲೆ, ಪುಸ್ತಕದ ಹಿಂಬದಿಯ ಮೇಲೆ, ನೆಲದ ಮೇಲೆ ಸುಣ್ಣದ ಕಡ್ಡಿಯಿಂದ. ಹೆಣ್ಣಿನ ಮುಖವೆಂದರೆ ಹೀಗೆ ಎಂದು ಕೈ ಕಲಿತುಬಿಟ್ಟಿತ್ತು. ಆದರೆ ಅಕ್ಕ ಹೀಗೆ ತಲೆ ಹಿಂದೆ ಮಾಡಿ ಕೂತದ್ದೇಕೆ ಎನ್ನುವುದು ಹೊಳೆಯಲಿಲ್ಲ. ಅವ್ವ ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತಿದ್ದಳು. ಕೇಳಿದೆ.

"ಅವ್ವಾ, ಫೋಟೋ ತಗಸುವಾಗ ಅಕ್ಕ ಯಾಕ ತಲಿ ಹಿಂದಕ್ಕ ಮಾಡಿ ಕುಂತಿದ್ಲು?"

"ಅಕಿ ಎಲ್ಲಿ ಕುಂತಿದ್ಲೋ, ಕುಂದರಿಸಿದ್ವಿ."

"ಹಂಗಂದ್ರ?"

"ಹಂಗಂದ್ರ ಏನ? ಮಣ್ಣಿಗೆ ಒಯ್ಯೂದಕ್ಕ ಮೊದಲ ಕುಂದರಿಸಿದಾಗ ತಗದದ್ದು ಅದು."

ನಮ್ಮಲ್ಲಿ ಸತ್ತವರನ್ನು ಮಲಗಿಸಿ ಇಡುವುದಿಲ್ಲ. ಜಳಕ ಮಾಡಿಸಿ, ಹೊಸ ಬಟ್ಟೆ ಉಡಿಸಿ, ಗೋಡೆಗೆ ಆನಿಸಿ ಕುಳ್ಳಿರಿಸುತ್ತೇವೆ. ತಲೆ ಮುಂದಕ್ಕೆ ಬೀಳದಂತೆ ಹಿಂದೆ ಗೋಡೆಯ ಗೂಟಕ್ಕೆ ಒಂದು ಬಟ್ಟೆ ಕಟ್ಟುತ್ತಾರೆ. ಬಾಯಿ ತೆರೆಯದಂತೆ ಗದ್ದದಿಂದ ನೆತ್ತಿಗೆ ಇನ್ನೊಂದು. ಎದುರಿಗೆ ಭಜನೆಯವರು ಕೂಡುತ್ತಾರೆ. ನಾನು ಎಷ್ಟೋ ಜನರನ್ನು ಹಾಗೆ ನೋಡಿದ್ದೇನೆ. ಗೂಟಕ್ಕೆ ಕಟ್ಟಿದ ತಲೆ ಹಿಂದಕ್ಕೆ ವಾಲಿ, ಕಿವಿ ಕೆಳಗಿಳಿಯುತ್ತದೆ ಎಂಬುದನ್ನೂ ನೋಡಿರಲೇಬೇಕು.

"ಇಲ್ಲವ್ವಾ. ಬಜಾರದಾಗಿನ ಸ್ಟುಡಿಯೋಕ ಹೋಗಿದ್ವಿ. ನಾನೂ ಬಂದಿದ್ನಿ. ಅಕ್ಕ ಹಸರ ಸೀರಿ ಉಟ್ಟಿದ್ಲು. ನಾ ಹೊರಗ ಪಾಂವಟಿಗಿ ಮ್ಯಾಲೆ ಕುಂತ ಐಸ್‌ಕ್ಯಾಂಡಿ ತಿನ್ನಾಕ ಹತ್ತಿದ್ನಿ, ಅಕಿ ಪರದೆ ಸರಿಸಿ ನನ್ನ ಒಳಗ ಕರದ್ಲು."

ಅವ್ವ ಮೊರ ಕೆಳಗಿಟ್ಟು ನನ್ನ ಮುಖ ನೋಡಿದಳು.

"ಯಾವ ಐಸ್‌ಕ್ಯಾಂಡಿನೋ ತಮ್ಮಾ? ಥಂಡಿ ದಿನಾ ಅವು. ಹಸರ ಸೀರಿ, ಮುತ್ತೈದಿ ಹ್ವಾದ್ಲಂತ ಉಡಿಸಿದ್ದು. ಸ್ಟುಡಿಯೋದಾಂವ ಮನಿಗೇ ಬಂದಿದ್ದ, ನಿಮ್ಮಪ್ಪ ಕರಸಿದ್ದ. ಆಮ್ಯಾಗ ಅಂವ ಮುಚ್ಚಿದ ಕಣ್ಣ ತಗದಂಗ ಮಾಡಿ, ಗದ್ದಕ್ಕ ಕಟ್ಟಿದ ಅರಬಿ ಮ್ಯಾಲೆ ಸೆರಗ ಬರದು, ಹಿಂದ ಪರದೆ ಬರದು, ಕಾಜಿನ ಫ್ರೇಮ್ ಹಾಕಿ ಕೊಟ್ಟ. ನೀ ಇಲ್ಲೇ ಈ ಕಂಬಾ ಹಿಡಕೊಂಡ ನಿಂತಿದ್ದಿ. ನಿನಗ ಗೊತ್ತಿತ್ತಂತ ತಿಳದಿದ್ನಿ ನಾ."

ನನಗೆ ಗೊತ್ತಿರಲಿಲ್ಲ. ಐಸ್‌ಕ್ಯಾಂಡಿಯ ಕೆಂಪು ಬಣ್ಣ, ಮೊಣಕೈವರೆಗೆ ಇಳಿದ ಅದರ ಅಂಟು, ಪರದೆಯ ಬಳ್ಳಿ ಹೂಗಳು, ಬಾರೋ ಎಂದ ಅಕ್ಕನ ಕೈ, ಇವೆಲ್ಲ ನನ್ನಲ್ಲಿದ್ದವು. ಅಕ್ಕ ಜೀವಂತ ಇದ್ದ ಕಾಲದ್ದೆಂದು ನನ್ನ ಬಳಿ ಇದ್ದ ನೆನಪೇ ಇದೊಂದು. ಯಾವುದೋ ಬೇಸಿಗೆಯ ಐಸ್‌ಕ್ಯಾಂಡಿಯನ್ನೂ ಫೋಟೋದ ಬಣ್ಣದ ಪರದೆಯನ್ನೂ ತಂದು ನಾನೇ ಕಟ್ಟಿಕೊಂಡಿದ್ದೆ. ವಿಚಿತ್ರವೆಂದರೆ ಅವ್ವ ಹೇಳಿದ ಮೇಲೆ ಈಗ ಕಂಬದ ನೆನಪೂ ಬರತೊಡಗಿದೆ. ಅದರ ಎಣ್ಣೆ ಜಿಡ್ಡು ಅಂಗೈಗೆ ಹತ್ತಿದಂತಾಗುತ್ತದೆ. ಇದನ್ನೂ ನಂಬುವ ಹಾಗಿಲ್ಲ.

ಸ್ಟುಡಿಯೋ ಇನ್ನೂ ಇದೆ. ಮಗ ಪಾಸ್‌ಪೋರ್ಟ್ ಫೋಟೋ, ಲಗ್ನದ ವಿಡಿಯೋ ಮಾಡುತ್ತಾನೆ. ಆಗ ನಮ್ಮಲ್ಲಿಗೆ ಬಂದಿದ್ದ ತಂದೆ ಅದರ ಹಿಂದಿನ ಮನೆಯಲ್ಲಿ ಬಾಗಿಲಿಗೆ ಕುರ್ಚಿ ಹಾಕಿಕೊಂಡು ಕೂತಿರುತ್ತಾರೆ. ನಾನು ಹೋದದ್ದು ಮೂಲ ನೆಗೆಟಿವ್ ಸಿಗಬಹುದೇ ಎಂದು. ಕಣ್ಣು ಬರೆಯುವ ಮುಂಚಿನ ಮುಖ ಸಿಕ್ಕರೆ ಕೆಲಸ ಸುಲಭ.

"ಎಲ್ಲಾ ಎಸದೇವ್ರಿ. ಮಳಿ ನೀರ ಹೊಕ್ಕು ಬೂಸ್ಟ ಹಿಡದಿದ್ದವು," ಎಂದರು ಮುದುಕರು. ಅಕ್ಕನ ಫೋಟೋ ತೋರಿಸಿದೆ. ಕನ್ನಡಕ ಏರಿಸಿ ನೋಡಿ, "ನಂದ ಕೆಲಸ. ಸೆರಗ ಚೊಲೊ ಕುಂತೈತಿ," ಎಂದರು. ಯಾರದೆಂದು ಅವರಿಗೆ ನೆನಪಿರಲಿಲ್ಲ. ಅಂಥವು ಎಷ್ಟೋ ಮಾಡಿದ್ದರು.

"ಕಣ್ಣ ಹೆಂಗ ಬರೀತಿದ್ರಿ?"

"ಬರೀತಿದ್ದಿಲ್ರಿ, ಹಚ್ಚತಿದ್ನಿ. ಬ್ಯಾರೆ ಫೋಟೋದಾಗಿಂದು ಕತ್ತರಿಸಿ ಹಚ್ಚಿ, ಮ್ಯಾಲೆ ಬ್ರಶ್ ಆಡಸೂದು, ಮತ್ತ ಫೋಟೋ ತಗಿಯೂದು. ಕಣ್ಣ ತೆರಸೂದು ಅಂತಿದ್ವಿ ಅದಕ್ಕ."

"ಯಾರ ಕಣ್ಣ?"

"ಗಂಡಮಕ್ಕಳಿಗೆ ನನ್ನವು. ಹೆಣ್ಣಮಕ್ಕಳಿಗೆ ನಮ್ಮ ಮನಿಯಾಕಿವು."

ನಾನು ಫೋಟೋವನ್ನು ಮತ್ತೆ ಹತ್ತಿರ ಹಿಡಿದು ನೋಡಿದ್ದನ್ನು ಕಂಡು ಅವರಿಗೆ ತುಸು ಸಿಟ್ಟು ಬಂತು. "ಮತ್ತೇನ ಮಾಡೂದ್ರಿ? ಸತ್ತವರಿಗೆ ಹಚ್ಚೂದೈತಿ, ನಿಮ್ಮ ಕಣ್ಣ ಕೊಡ್ರಿ ಅಂತ ಬ್ಯಾರೇದವರ್ನ ಕೇಳಾಕ ಬರತೈತೇನು?"

ಒಳಗಿನಿಂದ ಚಹಾ ತಂದ ಮುದುಕಿ ಇದನ್ನು ಕೇಳಿಸಿಕೊಂಡು ನಕ್ಕಳು. "ಮುನವಳ್ಳ್ಯಾಗ ಅದೇನಿ, ಕಟಕೋಳದಾಗ ಅದೇನಿ, ಕಿತ್ತೂರಾಗೂ ಅದೇನಿ. ಜೀವಂತ ಇರೂಮುಂದ ಊದಿನಕಡ್ಡಿ ಬೆಳಗಿಸಕೊಂತ ಕುಂತೇನಿ ನೋಡ್ರಿ, ಹಂತಾ ಪುಣ್ಯಾ ಮಾಡ್ಯಾನ ಈ ಮುದುಕ ನನಗ. ತಗೋರಿ, ಚಾ ಆರತೈತಿ."

ಕಪ್ಪು ತೆಗೆದುಕೊಳ್ಳಲು ತಲೆ ಎತ್ತಿದೆ. ಅವಳ ಎಡಗಣ್ಣಿನ ರೆಪ್ಪೆ ಬಲಗಣ್ಣಿಗಿಂತ ಕೂದಲೆಳೆಯಷ್ಟು ಇಳಿದಿತ್ತು. ಅದನ್ನು ನಾನು ಬಲ್ಲೆ. ನನ್ನ ಎಲ್ಲ ರಾಣಿಯರಿಗೂ ಆ ಇಳಿದ ರೆಪ್ಪೆ ಇಟ್ಟಿದ್ದೇನೆ. ಅದನ್ನು ಬೇಕೆಂದೇ ಇಡುತ್ತಿದ್ದೆ, ಅದು ಅಕ್ಕನದೆಂದು ತಿಳಿದು. ಸುಕ್ಕುಗಟ್ಟಿದ, ನಗುವ, ಪರಿಚಯವಿಲ್ಲದ ಮುಖವೊಂದರಿಂದ ಅವು ನನ್ನನ್ನು ನೋಡುತ್ತಿದ್ದವು. ಚಿಕ್ಕಂದಿನಲ್ಲಿ ಪರೀಕ್ಷೆಗೆ ಹೋಗುವಾಗಲೆಲ್ಲ ನಾನು ಕೈ ಮುಗಿದು ಹೋಗುತ್ತಿದ್ದ ಕಣ್ಣುಗಳು.

"ಹಿಂಗ್ಯಾಕ ನೋಡಾಕ ಹತ್ತೀರಿ?" ಎಂದಳು ಮುದುಕಿ.

ಏನಿಲ್ಲ ಎಂದು ಚಹಾ ಕುಡಿದು ಎದ್ದುಬಂದೆ.

ಇನ್ನುಳಿದದ್ದು ರಾಮದುರ್ಗದ ಅಲ್ಬಮ್. ಅಕ್ಕನ ಮಗಳು ಸವದತ್ತಿ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಳು. ಅವಳು ಲಗ್ನಪತ್ರಿಕೆ ಕೊಡಲು ಅಲ್ಲಿಗೆ ಬಂದಿದ್ದಳು, ಇಬ್ಬರೂ ಕೂಡಿ ರಾಮದುರ್ಗದ ಬಸ್ಸು ಹತ್ತಿದೆವು. ಹೇಳಬೇಕೋ ಬೇಡವೋ ಎಂದು ಸ್ವಲ್ಪ ದೂರ ಯೋಚಿಸಿದೆ. ಅವಳು ಕೇಳಿದ್ದು ಹೆಂಗಿದ್ಲು ಹಂಗ ಎಂದು. ಹಾಗಿದ್ದ ಮೇಲೆ ಹೇಳಲೇಬೇಕು ಅನಿಸಿತು. ಫೋಟೋ ಯಾವಾಗ ತೆಗೆದದ್ದು, ಕಣ್ಣು ಯಾರವು, ಎಲ್ಲ ಹೇಳಿದೆ. ಅವಳು ಕಿಟಕಿಯ ಕಡೆ ಮುಖ ಮಾಡಿದಳು. ಹೊರಗೆ ಹತ್ತಿ ಬಿಡಿಸಿದ ಹೊಲಗಳು ಹೋಗುತ್ತಿದ್ದವು.

"ಹಂಗಾದ್ರ ಸಣ್ಣಾಕಿ ಇದ್ದಾಗ ನಾ ಯಾರ್ನ ನೋಡಿ ಅಳತಿದ್ನಿ ಮಾಮಾ?"

ಊರು ಹತ್ತಿರವಾದಾಗ ಅವಳೇ, "ಆಯಿ ಮುಂದ ಈ ಕಣ್ಣಿನ ಸುದ್ದಿ ತಗೀಬ್ಯಾಡ," ಎಂದಳು. ಆಯಿ ಎಂದರೆ ನನ್ನ ಅವ್ವ.

ಮಲಪ್ರಭೆ ಉಕ್ಕಿ ಊರೊಳಗೆ ಬಂದ ವರ್ಷ ಅಕ್ಕನ ಗಂಡನ ಮನೆಯಲ್ಲಿ ಎದೆಮಟ್ಟ ನೀರು ನಿಂತಿತ್ತು. ಅಲ್ಬಮ್ ಟ್ರಂಕಿನಲ್ಲಿ ನೆನೆದು ಮುದ್ದೆಯಾಗಿತ್ತು ಎಂದು ಕೇಳಿದ್ದೆ, ನೋಡಿರಲಿಲ್ಲ. ಅಕ್ಕನ ಗಂಡ ಅದನ್ನು ಟಾವೆಲ್ಲಿನಲ್ಲಿ ಸುತ್ತಿ ತಂದು ನಮ್ಮ ಮುಂದಿಟ್ಟರು.

"ನೀರ ಇಳದ ಮ್ಯಾಲೆ ಬಿಸಲಿಗೆ ಹಾಕಿದ್ವಿ. ಒಂದಕ್ಕೊಂದ ಅಂಟಿದ್ದವು. ಬಿಡಸಾಕ ಹೋದ್ರ ಕಿತ್ತ ಬಂದ್ವು," ಎಂದರು.

ಮುಖವಿದ್ದಲ್ಲೆಲ್ಲ ಬಿಳಿ ಕಾಗದ. ಬಾಸಿಂಗದ ಮುತ್ತುಗಳು ಉಳಿದಿವೆ, ಅದರ ಕೆಳಗೆ ಏನೂ ಇಲ್ಲ. ಕೈಯಲ್ಲಿನ ಬಳೆಗಳಿವೆ, ಸೀರೆಯ ಅಂಚಿದೆ. ಒಂದೇ ಒಂದು ಫೋಟೋದಲ್ಲಿ, ಅವಳು ಪಕ್ಕಕ್ಕೆ ತಿರುಗಿದ್ದಾಗ ತೆಗೆದದ್ದರಲ್ಲಿ, ಒಂದು ಕಿವಿ ಮತ್ತು ಅದರಿಂದಿಳಿದ ದವಡೆಯ ಗೆರೆ ಉಳಿದಿತ್ತು. ಕಿವಿ ಇರಬೇಕಾದ ಜಾಗದಲ್ಲೇ ಇತ್ತು.

ಅಕ್ಕನ ಗಂಡ ನಮ್ಮ ಜೊತೆ ಅದನ್ನೇ ನೋಡುತ್ತ ಕೂತಿದ್ದರು. ಅವರ ಎರಡನೆಯ ಸಂಸಾರಕ್ಕೂ ಈಗ ವಯಸ್ಸಾಗಿದೆ. ಹೆಂಡತಿ ಒಳಗೆ ರೊಟ್ಟಿ ಬಡಿಯುವ ಸದ್ದು ಕೇಳುತ್ತಿತ್ತು. ಸ್ವಲ್ಪ ದನಿ ತಗ್ಗಿಸಿ ಹೇಳಿದರು: "ನಗೂಮುಂದ ಬಾಯಿಗೆ ಕೈ ಅಡ್ಡ ಹಿಡೀತಿದ್ಲು. ಹಲ್ಲಿನ ಮ್ಯಾಲೆ ಹಲ್ಲ ಇತ್ತ ಅಕಿಗೆ, ಇಲ್ಲಿ, ಬಲಗಡೆ. ನಾಚಿಕಿ ಅದರದ್ದು."

ಹುಡುಗಿಯ ಕೈ ತನ್ನ ಬಾಯಿಗೆ ಹೋಯಿತು.

"ಅಪ್ಪಾ, ನನಗೂ ಅಲ್ಲೇ ಇತ್ತಲ್ಲ!"

"ಹೂಂ ಮತ್ತ."

"ಮತ್ತ ತಂತಿ ಹಾಕಸೂಮುಂದ ಯಾಕ ಹೇಳಲಿಲ್ಲ?"

"ಏನಂತ ಹೇಳ್ಲಿ? ಚೊಲೊ ಕಾಣಬೇಕಂತ ಹಾಕಿಸಿದ್ದಿ. ಕಾಣಾಕತ್ತಿ."

ದವಾಖಾನೆಯಲ್ಲಿ ಕೆಲಸಕ್ಕೆ ಸೇರಿದ ಮೇಲೆ ಅವಳು ಹಲ್ಲಿಗೆ ತಂತಿ ಹಾಕಿಸಿಕೊಂಡಿದ್ದಳು. ಜಾಗ ಮಾಡಲು ಒಂದು ಹಲ್ಲು ಕಿತ್ತಿದ್ದರು. ಈಗ ಸಾಲು ನೂಲು ಹಿಡಿದಂತೆ ನೆಟ್ಟಗಿದೆ. ಊಟಕ್ಕೆ ಕೂತಾಗ ಅವಳು ನಾಲಿಗೆಯಿಂದ ಆ ಜಾಗವನ್ನು ಮುಟ್ಟಿ ನೋಡುತ್ತಿದ್ದಳು. ಅವಳ ತಂದೆ ಅವಳ ಮುಂದೆ ಇನ್ನೊಂದು ರೊಟ್ಟಿ ಇಟ್ಟು, ತಾವು ಎದ್ದು ಹೊರಗೆ ಹೋದರು.

ಮರಳಿ ಬಂದು ಅವ್ವನನ್ನು ಕೇಳಿದೆ.

"ಹಲ್ಲಿನ ಮ್ಯಾಲೆ ಹಲ್ಲ? ಅಕಿಗೆಲ್ಲಿತ್ತ? ಅಕಿವು ದಾಳಿಂಬ್ರಿ ಕಾಳಿದ್ದಂಗ ಇದ್ದವು. ಗಂಡಸರಿಗೇನ ಗೊತ್ತಾಗತೈತಿ."

"ಮತ್ತ ಹೆಂಗಿದ್ಲು? ಹೇಳು. ಮೂಗು? ತುಟಿ?"

ಅವ್ವ ಮತ್ತೆ ಗೋಡೆಗೇರಿದ್ದ ಫೋಟೋದ ಕಡೆ ಬೆರಳು ತೋರಿಸಿದಳು. "ಹಂಗ ಇದ್ಲಲ್ಲ."

ಹೆತ್ತವಳಿಗೂ ಅದೇ ಉಳಿದಿತ್ತು. ದಿನಾ ದೀಪ ಹಚ್ಚುವಾಗ ನೋಡಿ ನೋಡಿ, ಕೆಳಗಿದ್ದ ಮುಖದ ಮೇಲೆ ಈ ಮುಖ ಕೂತುಬಿಟ್ಟಿತ್ತು.

ನಾನು ಬರೆಯಲು ಕೂತೆ. ಮೊದಲು ಕಣ್ಣು ಅಳಿಸಿದೆ. ಹಿಂದಕ್ಕೆ ವಾಲಿದ ತಲೆಯನ್ನು ಮುಂದಕ್ಕೆ ತಂದೆ. ಹಣೆಗೆ ಅದರ ಎತ್ತರ ಕೊಟ್ಟೆ, ಗದ್ದವನ್ನು ಸಣ್ಣದು ಮಾಡಿದೆ, ಹೊಳ್ಳೆ ಮರೆಮಾಡಿದೆ. ಅಲ್ಬಮಿನಲ್ಲಿ ಉಳಿದ ಕಿವಿ ತಂದು ಹುಬ್ಬಿನಿಂದ ಮೂಗಿನವರೆಗಿನ ಜಾಗದಲ್ಲಿ ಕೂರಿಸಿದೆ. ಬಿಗಿಯಾಗಿ ಕಟ್ಟಿದ ಬಟ್ಟೆಯಿಂದ ಒತ್ತಿದ್ದ ತುಟಿಯನ್ನು ಸಡಿಲಿಸಿದೆ. ಇಷ್ಟೂ ಸರಿಯಾಯಿತು. ಸರಿಯಾದಷ್ಟೂ ಅದು ಯಾರದೂ ಅಲ್ಲದ ಮುಖವಾಗುತ್ತ ಹೋಯಿತು. ಅಳತೆಗಳು ಎಲ್ಲರಿಗೂ ಒಂದೇ. ಒಬ್ಬಳು ಅವಳೇ ಆಗುವುದು ಅಳತೆ ತಪ್ಪಿದ ಜಾಗಗಳಲ್ಲಿ. ಈ ಮುಖದಲ್ಲಿ ತಪ್ಪಿದ್ದ ಜಾಗಗಳಲ್ಲಿ ಯಾವುದು ಅಕ್ಕನದು, ಯಾವುದು ಸಾವು ಮಾಡಿದ್ದು, ಯಾವುದು ಸ್ಟುಡಿಯೋದವರದು ಎಂದು ಬೇರ್ಪಡಿಸಲು ನನ್ನಲ್ಲಿ ಯಾವ ಗೆರೆಯೂ ಇರಲಿಲ್ಲ. ಕಣ್ಣಿಗಾಗಿ ಅವ್ವನ ಕಣ್ಣಿನ ಗುಳಿ ನೋಡಿದೆ, ಹುಡುಗಿಯ ಕಣ್ಣಿನ ತುದಿ ನೋಡಿದೆ, ಕನ್ನಡಿಯಲ್ಲಿ ನನ್ನದನ್ನು ನೋಡಿದೆ. ಮೂರರ ನಡುವಿನದೊಂದನ್ನು ಬರೆದೆ. ಬಲಗಡೆ ಮೇಲ್ತುಟಿಯನ್ನು, ಒಳಗೆ ಹಲ್ಲಿನ ಮೇಲೊಂದು ಹಲ್ಲಿದ್ದರೆ ಎಷ್ಟು ಏಳುತ್ತದೋ ಅಷ್ಟೇ ಎತ್ತಿದೆ. ಚಿತ್ರಕಾರನಾಗಿ ಹೇಳುವುದಾದರೆ, ನಾನು ಬರೆದ ಮುಖಗಳಲ್ಲಿ ಅದು ಎಲ್ಲಕ್ಕಿಂತ ಚೆನ್ನಾಗಿತ್ತು. ಉಸಿರಾಡುತ್ತಿತ್ತು.

ಅಚ್ಚು ಹಾಕಿಸಿ ತಂದು ಅವ್ವನ ಕೈಗೆ ಕೊಟ್ಟೆ. ಬೆಳಕಿಗೆ ಹಿಡಿದು ನೋಡಿದಳು.

"ಚೊಲೊ ಅದಾಳ. ಯಾರ ಮಗಳು?"

ನಾನು ಯಾವುದೋ ಆಟದ ಪಾತ್ರ ಎಂದೆ.

ಲಗ್ನ ಒಂದು ವಾರವಿದ್ದಾಗ ಹುಡುಗಿ ಬಂದಳು. ಚಿತ್ರವನ್ನು ಮಾಳಿಗೆಯ ಮೇಜಿನ ಮೇಲೆ ಇಟ್ಟುಕೊಂಡು ಕೂತಳು. ನಾನು ಅವಳ ಮುಖವನ್ನೇ ನೋಡುತ್ತಿದ್ದೆ. ಅಳುತ್ತಾಳೆ ಅಂದುಕೊಂಡಿದ್ದೆ, ಅಳಲಿಲ್ಲ. ಚಿತ್ರದ ಮೇಲ್ತುಟಿಯ ಮೇಲೆ ಬೆರಳಿಟ್ಟಳು.

"ಈಕಿ ನನ್ನ ಕಡೆ ನೋಡತಾಳ."

"ಹೂಂ."

"ನಮ್ಮವ್ವನ ಹೌದಿಲ್ಲೋ?"

ಇದಕ್ಕೆ ಏನು ಹೇಳಬೇಕೆಂದು ನನಗೆ ಗೊತ್ತಿತ್ತು. ಯಾರಿಗೇ ಆಗಲಿ ಗೊತ್ತಾಗುತ್ತದೆ. ಆದರೆ ಬಾಯಿಗೆ ಬಂದ ಮಾತು ಬೇರೆ. "ಇರಬಹುದು. ಕಿವಿ ಖರೇ ಐತಿ. ದವಡಿ ಖರೇ ಐತಿ. ಉಳದದ್ದು ಅಂದಾಜು."

"ಅಂದಾಜು ಬಿಡು. ನೀ ಅಕಿನ್ನ ನೋಡೀ. ಎತ್ತಿ ಆಡಿಸ್ಯಾಳ ನಿನ್ನ. ಹೌದ ಅಂದ್ರ ಹೌದ ಅನ್ನು, ಸಾಕ ನನಗ."

"ನನಗ ನೆನಪಿಲ್ಲವ್ವಾ. ಇದ್ದದ್ದೊಂದು ಸುಳ್ಳಾತು."

ಅವಳು ಚಿತ್ರವನ್ನು ಮೆಲ್ಲಗೆ ಮೇಜಿನ ಮೇಲೆ ಮಗುಚಿ ಇಟ್ಟಳು.

"ಇರಬಹುದು ಅನ್ನೂ ಅವ್ವನ್ನ ಕುರ್ಚಿ ಮ್ಯಾಲೆ ಕುಂದರಿಸಿ, ಅವರ ಮನಿ ಮಂದಿ ಮುಂದ ಹೆಂಗ ಕೈ ಮುಗೀಲಿ ಮಾಮಾ?" ಸಿಟ್ಟಿರಲಿಲ್ಲ ಆ ದನಿಯಲ್ಲಿ. "ಆಯಿಗೆ ಆ ಹಳೇ ಫೋಟೋನ ಅವ್ವ. ಅದನ್ನ ಒಯ್ಯೋಣು."

ಕೆಳಗೆ ಹೋಗಿ ಅವ್ವನ ಜೊತೆ ಕೂತು ಉಡಿ ತುಂಬುವ ಸಾಮಾನು ಆರಿಸತೊಡಗಿದಳು. ಇಬ್ಬರೂ ಕೊಬ್ಬರಿ ಬಟ್ಟಲು ಚಲೋ ಇಲ್ಲವೆಂದು ಅಂಗಡಿಯವನನ್ನು ಬೈಯುವುದು ಮಾಳಿಗೆಗೆ ಕೇಳುತ್ತಿತ್ತು.

ಕಿತ್ತೂರಿನ ಕಲ್ಯಾಣಮಂಟಪದಲ್ಲಿ ವೇದಿಕೆಯ ಬಲಕ್ಕೆ ಒಂದು ಕುರ್ಚಿ ಹಾಕಿ, ಮೇಲೆ ಹಸಿರು ಕುಪ್ಪಸದ ಕಣ ಹಾಸಿ, ಫ್ರೇಮನ್ನು ಇಟ್ಟಿದ್ದರು. ಮಲ್ಲಿಗೆಯ ಹಾರ. ಬೀಗರು ಬಂದು ಕೈ ಮುಗಿದರು. ಬೀಗತಿಯೊಬ್ಬಳು, "ಎಷ್ಟ ಲಕ್ಷಣ ಇದ್ಲು ನೋಡ, ಕಣ್ಣ ಅಂದ್ರ ಕಣ್ಣ. ಎಲ್ಲೋ ನೋಡಿದಂಗ ಐತಿ," ಎಂದಳು. ಅವ್ವ ಹೆಮ್ಮೆಯಿಂದ ಹೂಂ ಎಂದಳು. ಎಲ್ಲಿ ನೋಡಿರಬಹುದೆಂದು ನಾನು ಹೇಳಲಿಲ್ಲ. ಆ ಊರಿನ ಯಾವುದೋ ಮನೆಯಲ್ಲಿ ಅವೇ ಕಣ್ಣುಗಳು ಊದಿನಕಡ್ಡಿಯ ಹೊಗೆಯಲ್ಲಿ ಎದುರು ನೋಡುತ್ತಿರಬೇಕು.

ಅಕ್ಕಿಕಾಳು ಬಿದ್ದ ಮೇಲೆ ಮದುಮಕ್ಕಳು ಹಿರಿಯರ ಕಾಲು ಬೀಳುತ್ತ ಬಂದರು. ತಂದೆಯ ಕಾಲಿಗೆ, ಚಿಕ್ಕವ್ವನ ಕಾಲಿಗೆ, ಅವ್ವನ ಕಾಲಿಗೆ, ನನ್ನ ಕಾಲಿಗೆ. ಕೊನೆಗೆ ಕುರ್ಚಿಯ ಮುಂದೆ ನಿಂತರು. ಹುಡುಗ ಬಾಗಿ ನಮಸ್ಕರಿಸಿ ಸರಿದ. ಅವಳು ಕುಂಕುಮದ ಬಟ್ಟಲು ತೆಗೆದುಕೊಂಡು ಗಾಜಿನ ಮೇಲೆ ಬೊಟ್ಟಿಟ್ಟಳು. ಆಮೇಲೆ ಬಳೆ ತುಂಬಿದ ಎಡಗೈಯನ್ನು ಎತ್ತಿ ಫೋಟೋದ ಕಣ್ಣುಗಳ ಮೇಲೆ ಅಡ್ಡ ಇಟ್ಟಳು. ಎರಡೂ ಕಣ್ಣು ಮುಚ್ಚಿದವು. ಉಳಿದದ್ದು ಗಿಡ್ಡ ಹಣೆ, ಹೊಳ್ಳೆ ಕಾಣುವ ಮೂಗು, ಒತ್ತಿದ ತುಟಿ, ಸತ್ತ ದಿನದ ಮುಖ. ಅವಳ ತಾಯಿಯದೆಂದು ಇದ್ದದ್ದು ಅಷ್ಟೇ. ಅದನ್ನು ಅವಳು ನೋಡುತ್ತ ನಿಂತಳು. ಹಿಂದಿನಿಂದ ಯಾರೋ, "ನಡೀವ್ವಾ, ಊಟಕ್ಕ ಹೊತ್ತಾತು, ಮಂದಿ ಕಾಯಾಕ ಹತ್ಯಾರ," ಎಂದರು. ಅವಳು ಕೈ ತೆಗೆಯಲಿಲ್ಲ.

ಲಗ್ನದ ವಿಡಿಯೋ ಬಂದ ಮೇಲೆ ಆ ಜಾಗವನ್ನು ತಿರುಗಿಸಿ ತಿರುಗಿಸಿ ನೋಡಿದ್ದೇನೆ. ಅಷ್ಟರಲ್ಲಿ ಕ್ಯಾಮೆರಾದ ಮುಂದೆ ಯಾರದೋ ಬೆನ್ನು ಅಡ್ಡ ಬರುತ್ತದೆ, ಬಿಳಿ ಅಂಗಿಯ ಅಗಲವಾದ ಬೆನ್ನು. ಅದು ಸರಿದಾಗ ಅವಳು ಗಂಡನ ಪಕ್ಕ ನಡೆದು ಹೋಗುತ್ತಿದ್ದಾಳೆ.